ಟಿವಿ ಹಾಕಿದ ಮೇಲೆ ಅಮ್ಮ ಮಾತು ನಿಲ್ಲಿಸಿದರು

(ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.)

ಆಪ್ತ ಸಮಾಲೋಚನೆಗೆಂದು ನನ್ನ ಬಳಿ ಬಂದ ಆಕೆಗೆ 34 ವರ್ಷ. ವಯಸ್ಸಾದವರನ್ನು ಅವರ ಮನೆಯಲ್ಲೇ ನೋಡಿಕೊಳ್ಳುವ ಕೆಲಸ. ಒಂದು ವರ್ಷದಿಂದ 76ರ ಒಬ್ಬ ಅಮ್ಮನ ಆರೈಕೆ ಮಾಡುತ್ತಿದ್ದಾರೆ. ಪಾರ್ಶ್ವವಾಯುವಿನಿಂದ ಅಮ್ಮನ ಎಡಗೈ, ಎಡಗಾಲು ಸ್ವಾಧೀನದಲ್ಲಿಲ್ಲ. 8 ತಿಂಗಳ ಹಿಂದೆ ಗಂಡ ತೀರಿಕೊಂಡರು. ಮಗಳು ಕೆಲಸದಿಂದ ಬರುವುದು ಸಂಜೆಗೆ.

"ನಗಿಸೋಕೆ ಎಷ್ಟು ಒದ್ದಾಡ್ತೀನಿ ಮೇಡಂ. ಈಗ ಅವರು ನನ್ನ ಮುಖವನ್ನೂ ನೋಡಲ್ಲ" ಎಂದು ಅತ್ತರು.

ಒಂದು ಮಧ್ಯಾಹ್ನ ಬಟ್ಟೆ ಬದಲಿಸುವಾಗ ಅಮ್ಮ ಹೇಳಿದರಂತೆ: "ಸಾಕಾಗಿದೆ ಕಣೇ. ನಾನು ಹೋದ್ರೆ ನಿಮಗೆಲ್ಲ ಹಗುರ. ಮಗಳಿಗೆ ಹೇಳ್ಬೇಡ." ಇವರಿಗೆ ಗಾಬರಿ. "ಹಾಗೆಲ್ಲ ಅನ್ನಬಾರ್ದಮ್ಮ, ಚೆನ್ನಾಗೇ ಇದ್ದೀರಲ್ಲ" ಎಂದು ಟಿವಿ ಹಾಕಿದರು. ಮಾರನೇ ದಿನವೂ ಅದೇ ಮಾತು, ಅದೇ ಟಿವಿ. ಆಮೇಲೆ ಅಮ್ಮ ಸುಮ್ಮನಾದರು.

ಇದರಲ್ಲಿ ಕೆಟ್ಟ ಮನಸ್ಸು ಎಲ್ಲಿದೆ? ಇನ್ನೊಬ್ಬರ ಸಂಕಟ ನೋಡಲಾಗದೆ ನಾವೆಲ್ಲ ಹೀಗೇ ಮಾತು ಮರೆಸುತ್ತೇವೆ, ಅಲ್ವಾ? ಆದರೆ ಹೇಳಿಕೊಂಡವರಿಗೆ ತಮ್ಮ ದುಃಖ ಯಾರಿಗೂ ಬೇಡ ಅನ್ನಿಸಿಬಿಡುತ್ತದೆ.

ಮಾತಾಡುತ್ತಾ ಇನ್ನೊಂದು ವಿಷಯ ಹೊರಬಂತು. ಆಕೆಯ ಸ್ವಂತ ತಾಯಿ ಹೋದಾಗ ಆಕೆ ಬೇರೆ ಯಾರದೋ ಮನೆಯಲ್ಲಿ ಡ್ಯೂಟಿಯಲ್ಲಿದ್ದರು. ಕೊನೆಯ ಗಳಿಗೆಯಲ್ಲಿ ಪಕ್ಕದಲ್ಲಿರಲು ಆಗಲಿಲ್ಲ. ಇದನ್ನು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ಅಮ್ಮ "ಹೋದ್ರೆ" ಅಂದ ಕೂಡಲೇ ಕೈ ರಿಮೋಟಿಗೆ ಹೋಗುತ್ತಿದ್ದದ್ದು ಅದಕ್ಕೇ. ಅವತ್ತು ಅರ್ಧ ಹೊತ್ತು ನಾನು ಅದನ್ನೇ ಕೇಳಿಸಿಕೊಂಡೆ.

ಆಮೇಲೆ ಖಡಾಖಂಡಿತವಾಗಿ ಹೇಳಿದೆ: ಈ ಗುಟ್ಟು ಇಟ್ಟುಕೊಳ್ಳುವಂಥದ್ದಲ್ಲ, ಇವತ್ತೇ ಮಗಳಿಗೆ ತಿಳಿಸಿ. ಅಮ್ಮನ ಬೆನ್ನ ಹಿಂದೆ ಬೇಡ. "ಇದೊಂದನ್ನು ಮುಚ್ಚಿಡೋಕೆ ನನ್ನಿಂದ ಆಗಲ್ಲಮ್ಮ, ನಿಮ್ಮ ಪಕ್ಕದಲ್ಲೇ ಕೂತು ಹೇಳ್ತೀನಿ" ಅನ್ನಿ. "ಸಾಯಬೇಕು ಅನ್ನೋ ಯೋಚನೆ ಬರ್ತಿದೆಯಾ?" ಎಂದು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೋಗುತ್ತದೆ ಎಂಬ ಭಯ ಬೇಡ, ಹಾಗಾಗುವುದಿಲ್ಲ. ಹೌದು ಅಂದರೆ ಒಬ್ಬರೇ ಇರಲು ಬಿಡಬೇಡಿ, ಮಾತ್ರೆಗಳು ಮಗಳ ಬಳಿ ಇರಲಿ, ಅವತ್ತೇ ಡಾಕ್ಟರ ಹತ್ತಿರ ಹೋಗಬೇಕು. ಇಲ್ಲ ಅಂದರೂ ಡಾಕ್ಟರಿಗೆ ಬೇಗ ತೋರಿಸಿ. ಪಾರ್ಶ್ವವಾಯು ಆದ ಸುಮಾರು 3 ಜನರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಅದಕ್ಕೆ ಚಿಕಿತ್ಸೆ ಇದೆ. ಮನಸ್ಸು ಗಟ್ಟಿ ಮಾಡ್ಕೊಳ್ಳಿ ಅಂದರೆ ಹೋಗುವ ಕಾಯಿಲೆ ಅಲ್ಲ.

ಇನ್ನು ಜೊತೆಗಿರುವುದು. ದಿನಕ್ಕೆ ಅರ್ಧ ಗಂಟೆ ಟಿವಿ, ಫೋನ್ ಎರಡೂ ಬೇಡ. ಅಮ್ಮನ ಬಲಗಡೆ ಕೂರಿ, ನಿಮ್ಮ ಕೈ ಹಿಡಿಯಲು ಅವರಿಗೆ ಆಗುವುದು ಆ ಕಡೆಯಿಂದಲೇ. ಮಾತಾಡಲೇಬೇಕು ಅಂತಿಲ್ಲ. ಗಂಡನ ನೆನಪು ತೆಗೆದರೆ ಕೇಳಿಸಿಕೊಳ್ಳಿ, ಅತ್ತರೆ ಅಳಲಿ. "ನಿಮಗೆಲ್ಲ ಹಗುರ" ಅನ್ನುವವರಿಗೆ ತಾವು ಭಾರ ಅನ್ನಿಸಿದೆ. ಹಾಗಾಗಿ ತಲೆ ಬಾಚಿಕೊಳ್ಳುವುದು, ಬಟ್ಟೆ ಆರಿಸುವುದು ಅವರೇ ಮಾಡಲಿ, ತಡವಾದರೂ ಪರವಾಗಿಲ್ಲ.

ಮೂರನೇ ವಾರ ಆಕೆ ಮತ್ತೆ ಬಂದರು. ಡಾಕ್ಟರು ಖಿನ್ನತೆಗೆ ಮಾತ್ರೆ ಶುರು ಮಾಡಿದ್ದರು. ಅದು ಹಿಡಿಯಲು ಇನ್ನೂ ಕೆಲವು ವಾರ ಬೇಕು. ಮಗಳಿಗೆ ಹೇಳಿದ್ದಕ್ಕೆ ಅಮ್ಮ ಎರಡು ದಿನ ಮುನಿಸಿಕೊಂಡಿದ್ದರಂತೆ. ಮೂರನೇ ದಿನ ತಾವಾಗಿಯೇ ಕೇಳಿದರಂತೆ: "ನಿನ್ನ ಅಮ್ಮ ಇದ್ದಾರೇನೇ?"

"ಹೇಳಬಹುದಾ ಮೇಡಂ?"

"ಅವರು ಕೇಳಿದಷ್ಟು ಹೇಳಿ. ಉಳಿದದ್ದು ಇಲ್ಲಿಗೆ ತನ್ನಿ" ಎಂದೆ.