ಬೀಡಿ ಸೇದೋದು ತಾತ, ಉಬ್ಬಸ ಮೊಮ್ಮಗನಿಗೆ

ಈ ವಾರ ಆರಿಸಿದ ಮೂರು ಪ್ರಶ್ನೆಗಳೂ ಬೇರೆಯವರು ಸೇದಿ ಬಿಟ್ಟ ಹೊಗೆಯ ಬಗ್ಗೆ. ಕೇಳಿದ ಮೂವರೂ ಹೆಣ್ಣುಮಕ್ಕಳು, ಬೀಡಿ ಸಿಗರೇಟು ಮುಟ್ಟಿದವರೇ ಅಲ್ಲ. ಶ್ವಾಸಕೋಶ ತಜ್ಞರು ಉತ್ತರಿಸಿದ್ದಾರೆ.

ನನ್ನ ಮಗನಿಗೆ ಮೂರು ವರ್ಷ. ಶೀತ ಆದ್ರೆ ಸಾಕು, ಎದೆ ಗೊರಗೊರ ಅನ್ನುತ್ತೆ, ರಾತ್ರಿ ಉಬ್ಬಸ ಶುರು. ಇನ್ಹೇಲರ್ ನಡೀತಾ ಇದೆ, ನೆಬುಲೈಸರ್ ಕೂಡ ಮನೆಯಲ್ಲೇ ಇಟ್ಟುಕೊಂಡಿದ್ದೇವೆ. ಮಾವನವರು ದಿನಕ್ಕೆ ಒಂದು ಕಟ್ಟು ಬೀಡಿ ಸೇದುತ್ತಾರೆ. ಮಗುವಿನ ಎದುರಿಗಲ್ಲ, ಹಾಲ್‌ನ ಕಿಟಕಿ ತೆಗೆದು ಪಕ್ಕದಲ್ಲಿ ಕೂತು ಸೇದುತ್ತಾರೆ. 'ನನ್ನ ಮಕ್ಕಳೆಲ್ಲ ಹಿಂಗೇ ಬೆಳೆದ್ರು. ಬೀಡಿಯಲ್ಲಿ ಎಲೆ, ಹೊಗೆಸೊಪ್ಪು ಬಿಟ್ಟರೆ ಬೇರೇನಿಲ್ಲ' ಅಂತಾರೆ. ಸೊಸೆಯಾಗಿ ನಾನು ಹೇಗೆ ಹೇಳಲಿ?
– ಓದುಗರು, ದಾವಣಗೆರೆ

ನಿಮ್ಮ ಅನುಮಾನ ಸರಿಯಾಗಿದೆ. ಮಗುವಿನ ಉಬ್ಬಸಕ್ಕೆ ಬೇರೆ ಕಾರಣಗಳೂ ಇರಬಹುದು. ಆದರೆ ಮನೆಯೊಳಗಿನ ಬೀಡಿ ಹೊಗೆ ಅದನ್ನು ಕೆರಳಿಸುತ್ತದೆ, ಔಷಧಿ ಹತೋಟಿಗೆ ತಂದದ್ದನ್ನು ಮತ್ತೆ ಮತ್ತೆ ಕೆಡಿಸುತ್ತದೆ.

ಮೊದಲು ಆ ಕಿಟಕಿ ವಿಷಯ ನೋಡೋಣ. ಸೇದುವವರು ಎಳೆದು ಬಿಡುವ ಹೊಗೆ ಕಡಿಮೆ. ಎರಡು ದಮ್ಮಿನ ನಡುವೆ ಬೆರಳ ಸಂದಿಯಲ್ಲಿ ತುದಿ ಸುಮ್ನೆ ಉರಿಯುತ್ತಾ ಇರುತ್ತಲ್ಲ, ಕೋಣೆಯಲ್ಲಿ ತುಂಬುವ ಹೊಗೆಯಲ್ಲಿ ಹೆಚ್ಚಿನ ಪಾಲು ಅಲ್ಲಿಂದಲೇ ಬರುವುದು. ಆಗ ಬೆಂಕಿ ಮಂದ, ಸರಿಯಾಗಿ ಉರಿಯುವುದಿಲ್ಲ. ಹಾಗಾಗಿ ಆ ಹೊಗೆ ಇನ್ನೂ ಕೆಟ್ಟದ್ದು. ಗಾಳಿ ಒಳಮುಖವಾಗಿ ಬೀಸಿದರೆ ಕಿಟಕಿಯೇ ಅದನ್ನು ವಾಪಸ್ ತರುತ್ತದೆ. ಫ್ಯಾನ್ ಹಾಕಿದರೆ ಹೋಗುವುದಿಲ್ಲ, ಮನೆಯೆಲ್ಲ ಹರಡುತ್ತದೆ. ಕಣ್ಣಿಗೆ ಕಾಣದಂತಾದ ಮೇಲೂ ಅದರ ಸಣ್ಣ ಕಣಗಳು ಗಂಟೆಗಟ್ಟಲೆ ಗಾಳಿಯಲ್ಲೇ ಇರುತ್ತವೆ. ಅವರು ಬೆಳಗ್ಗೆ ಎಂಟಕ್ಕೆ ಸೇದಿ ಎದ್ದು ಹೋಗಿರಬಹುದು. ಒಂಬತ್ತಕ್ಕೆ ಮಗು ಅದೇ ಜಾಗದಲ್ಲಿ ಆಟದ ಸಾಮಾನು ಹರವಿಕೊಂಡು ಕೂತಿರುತ್ತದೆ.

'ಬರೀ ಎಲೆ, ಹೊಗೆಸೊಪ್ಪು' ಅನ್ನುವ ಮಾತು ನಮ್ಮಲ್ಲಿ ತುಂಬಾ ಜನ ನಂಬಿರುವುದು. ಯಾವ ಹೊಗೆಸೊಪ್ಪು ಸುಟ್ಟರೂ ಅದರಿಂದ ಏಳು ಸಾವಿರಕ್ಕೂ ಹೆಚ್ಚು ರಾಸಾಯನಿಕಗಳು ಹುಟ್ಟುತ್ತವೆ. ಅವುಗಳಲ್ಲಿ ಸುಮಾರು 70 ಕ್ಯಾನ್ಸರ್ ತರುವಂಥವು. ಯಾರೂ ಬೆರೆಸಬೇಕಾಗಿಲ್ಲ, ಸುಡುವುದರಿಂದಲೇ ಬರುತ್ತವೆ. ಬೀಡಿಯ ಎಲೆಯೊಳಗೆ ಗಾಳಿ ಆಡುವುದಿಲ್ಲ, ಬೇಗ ಆರಿಹೋಗುತ್ತದೆ. ಆರದಿರಲಿ ಅಂತ ಜೋರಾಗಿ, ಪದೇ ಪದೇ ಎಳೆಯಬೇಕಾಗುತ್ತದೆ. ಹಾಗಾಗಿ ಬೀಡಿ ಸಿಗರೇಟಿಗಿಂತ ಸೌಮ್ಯ ಅಂದುಕೊಳ್ಳುವುದು ತಪ್ಪು.

ಮಗುವಿನ ಉಸಿರ ಕೊಳವೆಗಳು ಸಣ್ಣವು. ದೊಡ್ಡವರಲ್ಲಿ ಸಣ್ಣ ಕೆಮ್ಮು ತರಿಸುವಷ್ಟು ಊತ ಅಲ್ಲಿ ದಾರಿಯನ್ನೇ ಕಟ್ಟಿಬಿಡುತ್ತದೆ. ಮೂರು ವರ್ಷದ ಮಗು ನಿಮಿಷಕ್ಕೆ ನಮಗಿಂತ ಹೆಚ್ಚು ಸಲ ಉಸಿರಾಡುತ್ತದೆ, ಅಂದರೆ ತನ್ನ ತೂಕಕ್ಕೆ ಹೋಲಿಸಿದರೆ ಜಾಸ್ತಿ ಹೊಗೆ ಒಳಗೆಳೆದುಕೊಳ್ಳುತ್ತದೆ. ಇಂಥ ಮನೆಗಳ ಮಕ್ಕಳಲ್ಲಿ ಕಫ, ನ್ಯುಮೋನಿಯಾ ಹೆಚ್ಚು. ಕಿವಿಯ ಒಳಗೆ ನೀರು ತುಂಬುವುದೂ ಹೆಚ್ಚು. ಕರೆದರೆ ಮಗು ತಿರುಗಿ ನೋಡುವುದಿಲ್ಲವೇ, ಟಿವಿ ಸದ್ದು ಜೋರು ಮಾಡು ಅನ್ನುತ್ತದೆಯೇ? ಹಾಗಿದ್ದರೆ ಒಮ್ಮೆ ಕಿವಿ ತೋರಿಸಿ.

ಮಾವನವರ ಮಕ್ಕಳು ಹಾಗೇ ಬೆಳೆದರು ಅನ್ನುವುದು ನಿಜವೇ ಇರಬಹುದು. ಎಲ್ಲ ಮಕ್ಕಳಿಗೂ ಉಬ್ಬಸ ಬರುವುದಿಲ್ಲ. ಆಗಿನ ಹಂಚಿನ ಮನೆಗಳಲ್ಲಿ ಸಂದಿಗೊಂದಿಯಿಂದ ಗಾಳಿ ಆಡುತ್ತಿತ್ತು ಕೂಡ. ಈಗ ಆರ್‌ಸಿಸಿ ಮನೆ, ಸೊಳ್ಳೆಗೆ ಹೆದರಿ ಸಂಜೆ ಐದಕ್ಕೇ ಕಿಟಕಿ ಬಂದ್. ಅಂದಹಾಗೆ, ಮಗು ಮಲಗುವ ಕೋಣೆಯಲ್ಲಿ ಸೊಳ್ಳೆ ಬತ್ತಿ, ಊದುಬತ್ತಿ ಹಚ್ಚುವುದನ್ನೂ ನಿಲ್ಲಿಸಿ. ಬರೀ ತಾತನ ಮೇಲೆ ಹೊರಿಸುವುದು ನ್ಯಾಯವಲ್ಲ.

ಇನ್ನು ಹೇಳುವುದು ಹೇಗೆ? ನನ್ನ ಸಲಹೆ, ನೀವು ಹೇಳಬೇಡಿ. ಸೊಸೆ ಬಾಯಿಂದ ಬಂದ ಮಾತು ಎಷ್ಟೋ ಮನೆಗಳಲ್ಲಿ ಮರ್ಯಾದೆಯ ಪ್ರಶ್ನೆಯಾಗಿಬಿಡುತ್ತದೆ. ಮುಂದಿನ ಸಲ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ಮಾವನವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಮನೆಯಲ್ಲಿ ಬೀಡಿ ಸೇದುವವರಿದ್ದಾರೆ ಅಂತ ಮಗುವಿನ ಡಾಕ್ಟರಿಗೆ ಮೊದಲೇ ತಿಳಿಸಿ. ಅವರ ಎದುರು ಕೂತು, ಮಗುವಿನ ಬೆನ್ನ ಮೇಲೆ ಸ್ಟೆತಾಸ್ಕೋಪ್ ಇಟ್ಟು ಆ ಸುಯ್ ಸದ್ದನ್ನು ತಾತನಿಗೇ ಕೇಳಿಸಿದ ಮೇಲೆ ವಾದ ಮಾಡುವವರನ್ನು ನಾನು ಕಂಡದ್ದು ಕಡಿಮೆ. ಮನೆಯಲ್ಲಿ ಮಾತಾಡಬೇಕಾದವರು ನಿಮ್ಮ ಯಜಮಾನರು. ಅದು ಅವರ ತಂದೆ, ಅವರ ಮಗು.

ಮೊದಲ ದಿನವೇ 'ಬಿಟ್ಟುಬಿಡಿ ಅಪ್ಪಾ' ಅನ್ನುವುದು ಬೇಡ. 'ಮನೆಯೊಳಗೆ ಬೇಡ, ಹೊರಗೆ ಸೇದಿ' ಅಂದರೆ ಸಾಕು. ಬಾಗಿಲಿಗೆ ಹತ್ತಿಕೊಂಡ ಜಗುಲಿ ಆಗದು, ಮನೆಯಿಂದ ಆಚೆ, ಬಯಲಿನಲ್ಲಿ. ಸೇದಿ ಮುಗಿದ ಮೇಲೂ ಒಂದೆರಡು ನಿಮಿಷ ಉಸಿರಿನಲ್ಲಿ ಹೊಗೆ ಬರುತ್ತಿರುತ್ತದೆ. ಐದು ನಿಮಿಷ ಕಳೆದು ಒಳಗೆ ಬರಲಿ, ಕೈ ತೊಳೆಯಲಿ, ಸೇದುವಾಗ ಹಾಕುವ ಅಂಗಿಯನ್ನು ಬೇರೆ ಇಡಲಿ, ಆಮೇಲೆ ಮೊಮ್ಮಗನನ್ನು ಎತ್ತಿಕೊಳ್ಳಲಿ. ಬಿಡುವ ಮನಸ್ಸು ಬಂದಾಗ 1800-11-2356 ಅನ್ನುವ ರಾಷ್ಟ್ರೀಯ ಸಹಾಯವಾಣಿಗೆ ಫೋನ್ ಮಾಡಿಸಿ. ಕರೆಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬೀಡಿ ಬಿಟ್ಟು ಬಾಯಿಗೆ ಹೊಗೆಸೊಪ್ಪು ಹಾಕಿಕೊಳ್ಳುವಂತೆ ಮಾತ್ರ ಆಗಬಾರದು, ಅದು ಬಾಯಿ ಕ್ಯಾನ್ಸರಿನ ದಾರಿ.

ಈ ಮಧ್ಯೆ ಮಗುವಿನ ಇನ್ಹೇಲರ್ ನಿಲ್ಲಿಸಬೇಡಿ.

ನಾನು ನಾಲ್ಕು ತಿಂಗಳ ಗರ್ಭಿಣಿ. ಎಂಟು ಜನರ ಸಣ್ಣ ಆಫೀಸು. ಮಾಲೀಕರು ತಮ್ಮ ಕ್ಯಾಬಿನ್‌ನಲ್ಲೇ ಸಿಗರೇಟು ಸೇದುತ್ತಾರೆ. ಎಸಿ ಇದೆ, ಹೊಗೆ ಎಳೆದುಕೊಳ್ಳುತ್ತೆ ಅಂತಾರೆ. ನಿಜವಾ?
– ಓದುಗರು, ಹುಬ್ಬಳ್ಳಿ

ನಿಜವಲ್ಲ. ಸಾಮಾನ್ಯ ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರುವುದೇ ಇಲ್ಲ. ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ತಣ್ಣಗೆ ಮಾಡಿ ಬಿಡುತ್ತದೆ, ಹೊಗೆ ಸಮೇತ. ಕ್ಯಾಬಿನ್ ಬಾಗಿಲು ತೆಗೆದಾಗೆಲ್ಲ ಅದು ನಿಮ್ಮ ಟೇಬಲ್‌ಗೂ ಬರುತ್ತದೆ.

ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿಯುತ್ತದೆ. ನಿಕೋಟಿನ್ ಮಾಸು ದಾಟಿ ಮಗುವನ್ನು ತಲುಪುತ್ತದೆ. ಬೇರೆಯವರ ಹೊಗೆ ಕುಡಿಯುವ ಗರ್ಭಿಣಿಯರ ಮಕ್ಕಳು ಸ್ವಲ್ಪ ಕಡಿಮೆ ತೂಕದಲ್ಲಿ ಹುಟ್ಟುವುದು ಕಂಡುಬಂದಿದೆ. ಇಲ್ಲಿಯವರೆಗೆ ಆದದ್ದನ್ನು ನೆನೆದು ಕೊರಗಬೇಡಿ. ಇವತ್ತಿನಿಂದ ಹೊಗೆ ತಪ್ಪಿದರೂ ಲಾಭವೇ.

ಕಾನೂನು ನಿಮ್ಮ ಪರ ಇದೆ. 2008ರ ಅಕ್ಟೋಬರ್ 2ರಿಂದ ಕೆಲಸದ ಜಾಗವೂ ಸಾರ್ವಜನಿಕ ಸ್ಥಳದ ಲೆಕ್ಕಕ್ಕೆ ಬರುತ್ತದೆ, ಅಲ್ಲಿ ಸೇದುವಂತಿಲ್ಲ. ಸ್ವಂತ ಕ್ಯಾಬಿನ್ ಅಂದರೂ ವಿನಾಯಿತಿ ಇಲ್ಲ. ಕರ್ನಾಟಕದಲ್ಲಿ 200 ರೂಪಾಯಿ ಇದ್ದ ದಂಡ 2025ರಲ್ಲಿ 1000 ರೂಪಾಯಿಯಾಯಿತು. ಆದರೆ ಎಂಟು ಜನರ ಆಫೀಸಿನಲ್ಲಿ ಮಾಲೀಕರ ಮೇಲೆ ದೂರು ಕೊಡುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ನಿಮ್ಮ ಹೆರಿಗೆ ಡಾಕ್ಟರಿಂದ 'ಇವರು ಹೊಗೆಯಿಂದ ದೂರ ಇರಬೇಕು' ಅಂತ ಒಂದು ಚೀಟಿ ಬರೆಸಿಕೊಂಡು ಕೊಡಿ. ಸಹೋದ್ಯೋಗಿಗಳಲ್ಲಿ ಇಬ್ಬರು ಮೂವರು ಜೊತೆಗೆ ಬಂದರೆ ಇನ್ನೂ ಒಳ್ಳೆಯದು. ಆ ಹೊಗೆ ಅವರೂ ಕುಡಿಯುತ್ತಿದ್ದಾರೆ ಅಲ್ವಾ?

ನನಗೆ 54. ಯಜಮಾನರು 30 ವರ್ಷ ಸಿಗರೇಟು ಸೇದಿ ಹೋದ ವರ್ಷ ಬಿಟ್ಟರು. ನನಗೆ ಒಂದು ತಿಂಗಳಿಂದ ಕೆಮ್ಮು. ಕ್ಯಾನ್ಸರ್ ಇರಬಹುದಾ ಅಂತ ಹೆದರಿಕೆ. ಸ್ಕ್ಯಾನ್ ಮಾಡಿಸಲಾ?
– ಓದುಗರು, ಶಿವಮೊಗ್ಗ

ಯಜಮಾನರು ಬಿಟ್ಟದ್ದು ದೊಡ್ಡ ಸಂಗತಿ, ಮೊದಲು ಅವರಿಗೆ ಶಹಬ್ಬಾಸ್ ಹೇಳಿ.

ನಿಮ್ಮ ಹೆದರಿಕೆಗೆ ಆಧಾರ ಇಲ್ಲ ಅನ್ನಲಾರೆ. 1981ರಲ್ಲಿ ಜಪಾನಿನ ಹಿರಾಯಾಮ ಅನ್ನುವ ತಜ್ಞರು ಸಿಗರೇಟು ಮುಟ್ಟದ 91 ಸಾವಿರಕ್ಕೂ ಹೆಚ್ಚು ಗೃಹಿಣಿಯರ ಲೆಕ್ಕ ಮುಂದಿಟ್ಟರು. ಗಂಡ ಹೆಚ್ಚು ಸೇದಿದಷ್ಟೂ ಹೆಂಡತಿಗೆ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚು ಅನ್ನುವುದು ಅದರಲ್ಲಿ ಕಂಡಿತು. ಆಮೇಲಿನ ಅಧ್ಯಯನಗಳ ಪ್ರಕಾರ ಈ ಅಪಾಯ ಶೇ 20ರಿಂದ 30ರಷ್ಟು ಜಾಸ್ತಿ. ಆದರೆ ಈ ಲೆಕ್ಕವನ್ನು ಸರಿಯಾಗಿ ಓದಿಕೊಳ್ಳಿ. ನೂರಕ್ಕೆ 30 ಜನರಿಗೆ ಕ್ಯಾನ್ಸರ್ ಬರುತ್ತದೆ ಅಂತಲ್ಲ. ಸೇದದವರಲ್ಲಿ ಈ ಕ್ಯಾನ್ಸರ್ ಮೊದಲೇ ಕಡಿಮೆ, ಆ ಕಡಿಮೆಯ ಮೇಲೆ ಶೇ 30 ಏರಿಕೆ. ಹೃದಯದ ಕಾಯಿಲೆಯ ಅಪಾಯವೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಹೃದಯಾಘಾತ ಎಲ್ಲೆಡೆ ಸಾಮಾನ್ಯವಾಗಿರುವುದರಿಂದ ನಿಮ್ಮ ವಿಷಯದಲ್ಲಿ ನಾನು ಅದರ ಬಗ್ಗೆಯೇ ಹೆಚ್ಚು ಯೋಚಿಸುತ್ತೇನೆ. ಬಿಪಿ, ಶುಗರ್, ಕೊಲೆಸ್ಟರಾಲ್ ನೋಡಿಸಿ.

ಕೆಮ್ಮಿಗೆ ನೇರ ಸ್ಕ್ಯಾನ್ ಬೇಡ. ಎರಡು ವಾರ ದಾಟಿದ ಕೆಮ್ಮು ಅಂದರೆ ನಮ್ಮಲ್ಲಿ ಮೊದಲು ಕಫದ ಪರೀಕ್ಷೆ ಮಾಡಿಸಿ ಕ್ಷಯ ಇಲ್ಲ ಅಂತ ಖಚಿತ ಮಾಡಿಕೊಳ್ಳಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಇದು ಉಚಿತ. ಜೊತೆಗೆ ಒಂದು ಎಕ್ಸ್‌ರೇ, ಆಮೇಲೆ ಕೊಳವೆಗೆ ಊದಿಸಿ ಉಸಿರಿನ ಶಕ್ತಿ ಅಳೆಯುವ ಸ್ಪೈರೋಮೆಟ್ರಿ. ಎಷ್ಟು ವರ್ಷ ಸೌದೆ ಒಲೆ ಊದಿದ್ದೀರಿ ಅಂತಲೂ ಡಾಕ್ಟರಿಗೆ ಹೇಳಿ. ಅದೂ ಶ್ವಾಸಕೋಶ ಕೆಡಿಸುತ್ತದೆ, ಕೇಳದೆ ಯಾರೂ ಹೇಳುವುದಿಲ್ಲ. ಕಫದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ, ದನಿ ಒಡೆದು ಸರಿಯಾಗದಿದ್ದರೆ ಕಾಯಬೇಡಿ, ಆಗ ಸ್ಕ್ಯಾನ್ ಬೇಕಾಗಬಹುದು. ಹೋಗುವಾಗ ಯಜಮಾನರನ್ನೂ ಕರೆದುಕೊಂಡು ಹೋಗಿ. 30 ವರ್ಷ ಸೇದಿದ ಶ್ವಾಸಕೋಶ ಅವರದು, ಆ ಸ್ಪೈರೋಮೆಟ್ರಿ ಅವರಿಗೂ ಆಗಬೇಕು.