ನಿಮ್ಮ ಕೆರೆ ಲೇಖನ: ಈಗಲೇ ಹಾಕುವುದಿಲ್ಲ, ಯಾಕೆ ಅಂದರೆ

ನಮಸ್ಕಾರ. ಬೆಳ್ಳಂದೂರು ಕೆರೆಯ ವಿಷ ಮತ್ತು ನೀರಿನ ಗಿಡಗಳ ಬಗ್ಗೆ ನೀವು ಕಳಿಸಿದ ಲೇಖನ ಪೂರ್ತಿ ಓದಿದೆ. ಈಗಿನ ರೂಪದಲ್ಲಿ ಹಾಕಲು ಆಗುವುದಿಲ್ಲ. ವಿಷಯ ಚೆನ್ನಾಗಿದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಎರಡನೇ ಪ್ಯಾರಾದಲ್ಲಿ ‘ವಿಷಕ್ಕೆ ಕೆರೆಯ ಗಿಡಗಳೆಲ್ಲ ಸಾಯುತ್ತಿವೆ’ ಅಂತೀರಿ. ಐದನೆಯದರಲ್ಲಿ ಅಂತರಗಂಗೆ ಕೆರೆ ತುಂಬಾ ಹಬ್ಬಿದೆ ಅಂತೀರಿ. ಓದುಗರು ಸುಮ್ನೆ ಬಿಡ್ತಾರಾ? ಎರಡೂ ಒಟ್ಟಿಗೆ ಹೇಗೆ ಅಂತ ನೀವೇ ಹೇಳಬೇಕಲ್ವಾ. ಚರಂಡಿ ನೀರಿನ ಸಾರಜನಕ, ರಂಜಕ ಗಿಡಕ್ಕೆ ಗೊಬ್ಬರ. ಅದನ್ನು ಉಂಡು ಪಾಚಿ, ಅಂತರಗಂಗೆ ಕೊಬ್ಬಿ ನೀರಿನ ಮೇಲೆಲ್ಲ ಮುಚ್ಚಿಕೊಂಡರೆ, ಕೆಳಗಿರುವ ಹೈಡ್ರಿಲಾದಂಥ ಗಿಡ ಬಿಸಿಲು ಸಿಗದೆ ಸಾಯುತ್ತದೆ. ಅದನ್ನು ಕೊಂದದ್ದು ನೆರಳು.

ವಿಷದ ಕೆಲಸ ಬೇರೆ. ಅದರ ಬಗ್ಗೆ ನಿಮ್ಮಲ್ಲಿ ಇರುವುದು ಒಂದೇ ಸಾಲು: ‘ರಾಸಾಯನಿಕಗಳು ಹಾನಿ ಮಾಡುತ್ತವೆ’. ಯಾವುದು? ಹೇಗೆ? ತಾಮ್ರವನ್ನೇ ತಗೊಳ್ಳಿ. ಗಿಡಕ್ಕೆ ಚೂರೇ ಚೂರು ತಾಮ್ರ ಬೇಕು, ಜಾಸ್ತಿ ಆದರೆ ಪತ್ರಹರಿತ್ತಿನಲ್ಲಿ ಮೆಗ್ನೀಸಿಯಂ ಇರಬೇಕಾದ ಜಾಗದಲ್ಲಿ ಅದೇ ಹೋಗಿ ಕೂರುತ್ತದೆ, ಆಮೇಲೆ ಎಷ್ಟು ಬಿಸಿಲು ಬಿದ್ದರೂ ಎಲೆಗೆ ಸರಿಯಾಗಿ ಆಹಾರ ತಯಾರಿಸಲು ಆಗುವುದಿಲ್ಲ. ತೋಟಕ್ಕೆ ಬಳಸುವ ಮೈಲುತುತ್ತವನ್ನು (ಅದರಲ್ಲಿರುವುದೂ ತಾಮ್ರವೇ) ಪಾಚಿ ಕೊಲ್ಲಲು ಹಾಕುವುದು ಸುಮ್ನೆ ಅಲ್ಲ. (ಇದನ್ನು ಬರೆದರೆ ಅಡಿಕೆ ಬೆಳೆಗಾರರು ತಕ್ಷಣ ಹಿಡಿದುಕೊಳ್ಳುತ್ತಾರೆ ನೋಡಿ.) ಮೆಕ್ಕೆಜೋಳಕ್ಕೆ ಹೊಡೆಯುವ ಕಳೆನಾಶಕ ಅಟ್ರಜಿನ್ ಕೂಡ ಪಾಚಿಯನ್ನು ಬಿಡುವುದಿಲ್ಲ. ಮಳೆಗೆ ಕೊಚ್ಚಿಕೊಂಡು ಕೆರೆಗೆ ಬಂದರೆ ಅದಕ್ಕೆ ಕಳೆ, ಪಾಚಿ ಅನ್ನುವ ಭೇದ ಇಲ್ಲ.

ಆದರೆ ಎಲ್ಲ ಪಾಚಿಗೂ ಒಂದೇ ಪೆಟ್ಟು ಬೀಳುವುದಿಲ್ಲ. ಸೂಕ್ಷ್ಮ ಜಾತಿಗಳು ಮೊದಲು ಹೋಗುತ್ತವೆ, ಗಟ್ಟಿಪಿಂಡಗಳು ಉಳಿಯುತ್ತವೆ, ದಡದಿಂದ ನೋಡಿದರೆ ಕೆರೆ ಮೊದಲಿನಷ್ಟೇ ಹಸಿರು. ನಿಮ್ಮ ಲೇಖನ ಇದೇ ಆಗಬೇಕು ಅನ್ನೋದು ನನ್ನ ಅಭಿಪ್ರಾಯ.

ನೊರೆಗೆ ಮೂರು ಪ್ಯಾರಾ ಬೇಡ. ನೊರೆಯನ್ನೂ 2015, 2017ರ ಬೆಂಕಿಯನ್ನೂ ಬೆಂಗಳೂರಿನವರು ಮರೆತಿಲ್ಲ, ಒಂದು ಸಾಲು ಸಾಕು. ಆ ಜಾಗದಲ್ಲಿ ಲೆಮ್ನಾ ಬಗ್ಗೆ ಬರೆಯಿರಿ. ಕೆಲವೇ ಮಿಲಿಮೀಟರ್ ಅಗಲದ ತೇಲುವ ಗಿಡ. ಪ್ರಯೋಗಾಲಯದಲ್ಲಿ ಅದನ್ನು ವಿಷ ಇರಬಹುದು ಅಂತ ಅನುಮಾನವಿರುವ ನೀರಿನಲ್ಲಿ 7 ದಿನ ಬಿಟ್ಟು ಎಲೆ ಎಣಿಸುತ್ತಾರೆ, ಪಕ್ಕದಲ್ಲೇ ಶುದ್ಧ ದ್ರಾವಣದಲ್ಲಿ ಬೆಳೆದ ಗಿಡಗಳ ಲೆಕ್ಕಕ್ಕೆ ಹೋಲಿಸುತ್ತಾರೆ. ಎಲೆ ಹಳದಿಯಾಯಿತಾ, ಬೇರು ಗಿಡ್ಡವಾಯಿತಾ ಅಂತಲೂ ನೋಡುತ್ತಾರೆ. ಪಾಚಿಯಾದರೆ 72 ಗಂಟೆ ಸಾಕು.

‘ಪ್ರಕೃತಿ ಮಾತೆಯ ಕಣ್ಣೀರು’ ದಯವಿಟ್ಟು ತೆಗೆದುಬಿಡಿ. ತಿದ್ದಿ ಕಳಿಸಿ, 800 ಪದ ಮೀರದಿರಲಿ. ಫೋಟೋ ಇದ್ದರೆ ನೊರೆಯದ್ದು ಬೇಡ, ನೀರನ್ನು ಹತ್ತಿರದಿಂದ ತೆಗೆದದ್ದು ಕೊಡಿ.