ಮಗಳಿಗೆ ಐದು ಲಕ್ಷ ಕೊಡಲಾ, ಬೇಡವಾ?

ಪ್ರಶ್ನೆ: ನಾವು ಆಳಂದ ತಾಲ್ಲೂಕಿನ ರೈತರು, ತೊಗರಿ ಬೆಳೆಯುತ್ತೇವೆ. ಮಗಳು ಕಲಬುರಗಿಯಲ್ಲಿ ಇಂಜಿನಿಯರಿಂಗ್ ಕೊನೆ ವರ್ಷ ಓದುತ್ತಿದ್ದಾಳೆ. ಇಬ್ಬರು ಗೆಳತಿಯರ ಜೊತೆ ಸೇರಿ ತೊಗರಿ ಕಟ್ಟಿಗೆಯಿಂದ ಬಯೋಚಾರ್ (ಮಣ್ಣಿಗೆ ಸೇರಿಸುವ ಇದ್ದಿಲು) ಮಾಡುವ ಸಣ್ಣ ಭಟ್ಟಿ ತಯಾರಿಸಿದ್ದಾಳೆ. ಈಗ ನೌಕರಿ ಬೇಡ, ಕಂಪನಿ ಮಾಡ್ತೀನಿ, ತಕ್ಷಣ ರಿಜಿಸ್ಟರ್ ಮಾಡಿಸಬೇಕು ಅಂತ ಐದು ಲಕ್ಷ ಕೇಳುತ್ತಿದ್ದಾಳೆ. ಏನು ಮಾಡಲಿ?

ಉತ್ತರ: ಐದು ಲಕ್ಷ ಈಗಲೇ ಬೇಡ. ಅದರ ಬದಲು ಒಂದು ಹಂಗಾಮು ಕೊಡಿ. ಮನೆ ಊಟ, ಹೊಲದ ಒಂದು ಮೂಲೆ, ಮತ್ತು ‘ನೌಕರಿ ಯಾವಾಗ’ ಅಂತ ಕೇಳದ ಒಂದು ವರ್ಷ.

ಮೊದಲು ಹೇಳಿಬಿಡುತ್ತೇನೆ, ಮಕ್ಕಳು ಹಿಡಿದಿರುವುದು ಒಳ್ಳೆಯ ಕೆಲಸ. ರಾಶಿ ಮುಗಿದ ಮೇಲೆ ಎಷ್ಟು ಕಟ್ಟಿಗೆ ಹೊಲದಲ್ಲೇ ಸುಟ್ಟು ಹೋಗುತ್ತದೆ ಅಂತ ನಿಮಗೆ ಗೊತ್ತೇ ಇದೆ. ಬಯಲಲ್ಲಿ ಸುಟ್ಟರೆ ಅದರಲ್ಲಿದ್ದ ಇಂಗಾಲ ಹೊಗೆಯಾಗಿ ಮೇಲೆ ಹೋಗುತ್ತದೆ. ಗಾಳಿ ಹೆಚ್ಚು ಆಡದಂತೆ ಬಿಸಿ ಮಾಡಿದರೆ ಅದರ ಒಂದು ದೊಡ್ಡ ಪಾಲು ಇದ್ದಿಲಾಗಿ ಉಳಿಯುತ್ತದೆ, ಮಣ್ಣಿಗೆ ಸೇರಿಸಿದರೆ ನೂರಾರು ವರ್ಷ ಅಲ್ಲೇ ಇರುತ್ತದೆ. ಹೀಗೆ ಉಳಿಸಿದ ಇಂಗಾಲಕ್ಕೆ ಈಗ ದುಡ್ಡು ಕೊಡುವವರೂ ಇದ್ದಾರೆ. 2025ರ ಜನವರಿಯಲ್ಲಿ ಗೂಗಲ್ ನಮ್ಮ ದೇಶದ್ದೇ ಆದ ವರಾಹ ಕಂಪನಿಯ ಜೊತೆ 1 ಲಕ್ಷ ಟನ್ ಇಂಗಾಲದ ಡೈಆಕ್ಸೈಡ್ ಲೆಕ್ಕದ ಒಪ್ಪಂದ ಮಾಡಿಕೊಂಡಿತು. ಅಲ್ಲಿ ಸುಡುವುದು ಯಾವ ಚಂದನವನ್ನೂ ಅಲ್ಲ, ಗುಜರಾತಿನ ಬಳ್ಳಾರಿ ಜಾಲಿ.

ಆದರೆ ಇದು ಮೊಬೈಲ್ ಆ್ಯಪ್ ಅಲ್ಲ, ರಾತ್ರಿ ತಪ್ಪು ಕಂಡರೆ ಬೆಳಿಗ್ಗೆ ತಿದ್ದುವುದಕ್ಕೆ ಆಗಲ್ಲ. ತೊಗರಿ ರಾಶಿ ವರ್ಷಕ್ಕೆ ಒಂದೇ ಸಲ, ಡಿಸೆಂಬರ್–ಜನವರಿಯಲ್ಲಿ. ಆಗ ಕಟ್ಟಿಗೆ ಕೂಡಿಡದಿದ್ದರೆ, ಅಥವಾ ಕೂಡಿಟ್ಟಿದ್ದು ಮಳೆಗೆ ನೆನೆದರೆ, ಮುಂದಿನ ಪರೀಕ್ಷೆಗೆ ಇನ್ನೊಂದು ರಾಶಿಯವರೆಗೆ ಕಾಯಬೇಕು. ಅಷ್ಟರಲ್ಲಿ ಕಾಲೇಜು ಮುಗಿದಿರುತ್ತದೆ, ಲ್ಯಾಬಿನ ಬಾಗಿಲು ಮುಚ್ಚಿರುತ್ತದೆ, ಗೆಳತಿಯರಲ್ಲಿ ಒಬ್ಬಳು ಬೆಂಗಳೂರು ಸೇರಿರುತ್ತಾಳೆ. ಕಾಲೇಜಿನಲ್ಲಿ ಹುಟ್ಟಿದ ಇಂಥ ಒಳ್ಳೆಯ ಕೆಲಸಗಳು ನಿಂತು ಹೋಗುವುದು ಜಾಸ್ತಿ ಈ ಖಾಲಿ ವರ್ಷದಲ್ಲೇ, ಐಡಿಯಾ ಕೆಟ್ಟದ್ದು ಅಂತ ಅಲ್ಲ.

ರಿಜಿಸ್ಟರ್ ಮಾಡಿಸಲೂ ಅವಸರ ಬೇಡ, ಅದಕ್ಕೆ ಒಂದು ಲೆಕ್ಕ ಇದೆ. ಕೇಂದ್ರದ ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್ 2021ರಲ್ಲಿ ಶುರುವಾಯಿತು. ಮಾದರಿ ತಯಾರಿಕೆ, ಪರೀಕ್ಷೆಗೆ 20 ಲಕ್ಷದವರೆಗೆ ಅನುದಾನ ಇಟ್ಟ ಯೋಜನೆ ಅದು, ಈಗಲೂ ಅರ್ಜಿ ತೆಗೆದುಕೊಳ್ಳುತ್ತಾರಾ ಅಂತ ಮೊದಲು ವಿಚಾರಿಸಿ. ಆದರೆ ಅರ್ಜಿ ಹಾಕುವ ದಿನಕ್ಕೆ ಕಂಪನಿ ಹುಟ್ಟಿ ಎರಡು ವರ್ಷ ದಾಟಿರಬಾರದು. ಇವತ್ತೇ ರಿಜಿಸ್ಟರ್ ಮಾಡಿಸಿದರೆ ಎರಡು ರಾಶಿ ನೋಡುವಷ್ಟರಲ್ಲಿ ಆ ಅವಧಿಯ ಬಹುಪಾಲು ಕಳೆದೇ ಹೋಗುತ್ತದೆ ಅಲ್ವಾ? ಅದಕ್ಕೆ ಮೊದಲು ಹೊಸ ಮಾದರಿ ತಯಾರಿಸುವವರಿಗೆ ಕೇಂದ್ರ ಕೊಡುವ ನಿಧಿ ಪ್ರಯಾಸ್ ಯೋಜನೆ ಕೇಳಿ ನೋಡಲಿ. ಅದು 10 ಲಕ್ಷದವರೆಗೆ, ಕಂಪನಿ ಇಲ್ಲದವರೂ ಅರ್ಜಿ ಹಾಕಬಹುದು. ಹೊಸ ಕಂಪನಿಗಳಿಗೆ ಅನುದಾನ ಕೊಡುವ ರಾಜ್ಯದ ಎಲಿವೇಟ್ ಯೋಜನೆ ಆಮೇಲೆ ಇದ್ದೇ ಇದೆ.

ಕಾಲೇಜಿನ ಜೊತೆ ಭಟ್ಟಿ ಯಾರದ್ದು ಅನ್ನುವುದನ್ನು ಈಗಲೇ ಬರವಣಿಗೆಯಲ್ಲಿ ಮಾಡಿಕೊಳ್ಳಲಿ. ಮುಂದಿನ ಪ್ರದರ್ಶನಕ್ಕೆ ಒಯ್ಯುವ ಮೊದಲು ಪೇಟೆಂಟಿಗೆ ತಾತ್ಕಾಲಿಕ ಅರ್ಜಿ ಹಾಕಲಿ. ಪೂರ್ತಿ ಅರ್ಜಿಗೆ 12 ತಿಂಗಳು ಸಿಗುತ್ತದೆ.

ಇನ್ನೊಂದು ಮಾತು, ಇದನ್ನು ಮಗಳಿಗೆ ಓದಿ ಹೇಳಿ. ಬಯೋಚಾರ್ ಹಾಕಿದರೆ ಇಳುವರಿ ಹೆಚ್ಚುತ್ತದೆ ಅಂತ ರೈತರಿಗೆ ಮಾತು ಕೊಡಬೇಡಮ್ಮಾ. ಹುಳಿ ಮಣ್ಣಿನಲ್ಲಿ ಅದು ಒಳ್ಳೆಯ ಫಲ ಕೊಡುತ್ತದೆ, ಆದರೆ ನಮ್ಮ ಎರೆ ಮಣ್ಣು ಮೊದಲೇ ಕ್ಷಾರದ್ದು, ಬಯೋಚಾರ್ ಕೂಡ ಸಾಮಾನ್ಯವಾಗಿ ಕ್ಷಾರವೇ. ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಮಾಡಿಸಿ, ಗೊಬ್ಬರದ ಜೊತೆ ಬೆರೆಸಿ, ನಾಲ್ಕು ಸಾಲಿಗೆ ಹಾಕಿ ನಾಲ್ಕು ಸಾಲು ಬಿಟ್ಟು ನೋಡು. ಒಬ್ಬ ರೈತ ಒಮ್ಮೆ ಮೋಸ ಹೋದೆ ಅಂದರೆ ಇಡೀ ಊರು ಬಾಗಿಲು ಹಾಕುತ್ತದೆ.

ನಿಮ್ಮ ಪಾಲಿನ ಕೆಲಸವೂ ಇದೆ. ಈ ಸಲ ರಾಶಿ ಆದ ಮೇಲೆ ಕಟ್ಟಿಗೆ ಸುಡಬೇಡಿ, ಒಣಗಿಸಿ ತಾಡಪತ್ರಿ ಮುಚ್ಚಿ ಒಟ್ಟಿಡಿ. ಮುರಿದರೆ ಲಟ್ ಅನ್ನಬೇಕು, ಬಗ್ಗಿದರೆ ಇನ್ನೂ ಹಸಿ. ಹಸಿ ಕಟ್ಟಿಗೆ ಹಾಕಿದರೆ ಭಟ್ಟಿ ಬಿಳಿ ಹೊಗೆ ಕಾರುತ್ತದೆ, ಆ ಹೊಗೆಯೇ ಹವಾಮಾನಕ್ಕೆ ಕೆಟ್ಟದ್ದು, ಮಾಡಿದ ಕೆಲಸ ನೀರಲ್ಲಿ ಹೋಮ. ಸುಟ್ಟ ತುಂಡನ್ನೂ ಮುರಿದು ನೋಡಿ, ಒಳಗೆ ಕಂದು ಕಂಡರೆ ಪೂರ್ತಿ ಬೆಂದಿಲ್ಲ. ಪ್ರತಿ ಸಲ ಎಷ್ಟು ಕಿಲೋ ಹಾಕಿದಿರಿ, ಎಷ್ಟು ಕಿಲೋ ಬಂತು, ಎಷ್ಟು ಜನ ಎಷ್ಟು ಹೊತ್ತು ದುಡಿದರು, ಎಲ್ಲಾ ಒಂದು ನೋಟ್‌ಬುಕ್ಕಿನಲ್ಲಿ ಬರೆಯಲಿ. ನಾಳೆ ಅನುದಾನ ಕೊಡುವವರು ಮೊದಲು ಕೇಳುವುದು ಆ ನೋಟ್‌ಬುಕ್ಕನ್ನೇ. ಅದು ತುಂಬಿದ ಮೇಲೆ ಅವಳು ಮತ್ತೆ ದುಡ್ಡು ಕೇಳಿದರೆ, ಆಗ ಇಬ್ಬರೂ ಕೂತು ಅದೇ ಪುಟ ತೆರೆದು ಎಷ್ಟು ಬೇಕು ಅಂತ ಲೆಕ್ಕ ಹಾಕಿ.